ಕೀಲಿಕೈ ಒಪ್ಪಿಸುವ ಮುನ್ನ

ಆಯುಧಪೂಜೆ ಕಳೆದ ಮೇಲೆ ಬಂದ ಪತ್ರಗಳ ಕಟ್ಟಿನಲ್ಲಿ ಮೂರು ಪತ್ರಗಳು ಹೆಚ್ಚುಕಡಿಮೆ ಒಂದೇ ವಿಷಯವನ್ನು ಕೇಳಿದ್ದವು. ಬಹುಕಾಲ ಮನೆಯವರನ್ನು ಹೊತ್ತು ತಿರುಗಿದ ವಾಹನವನ್ನು ಹೇಗೆ ಬೀಳ್ಕೊಡುವುದು, ಅದರ ಜಾಗಕ್ಕೆ ಬಂದದ್ದನ್ನು ಹೇಗೆ ಒಪ್ಪಿಕೊಳ್ಳುವುದು ಎಂಬ ಪ್ರಶ್ನೆ ಅದು. ಮೂವರೂ ಬೆಂಗಳೂರಿನವರೇ. ಹಾಗಾಗಿ ಈ ಸಂಚಿಕೆಯ ಪುಟಗಳನ್ನು ಆ ಮೂರು ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಈಗ 71 ವರ್ಷ. 1996ರಲ್ಲಿ ಸಾಲ ಮಾಡಿ ಕೊಂಡ ಬಿಳಿ ಮಾರುತಿ 800 ಇವತ್ತಿಗೂ ಮನೆಯ ಪೋರ್ಟಿಕೋದಲ್ಲಿದೆ. ಮಕ್ಕಳನ್ನು ಶಾಲೆಗೆ ಬಿಟ್ಟದ್ದು, ನಮ್ಮ ಅತ್ತೆಯವರನ್ನು ನಡುರಾತ್ರಿ ಆಸ್ಪತ್ರೆಗೆ ಸೇರಿಸಿದ್ದು, 2007ರಲ್ಲಿ ಮಗ ಮೊದಲ ಬಾರಿ ವಿದೇಶಕ್ಕೆ ಹೊರಟಾಗ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದದ್ದು ಎಲ್ಲವೂ ಅದರಲ್ಲೇ. ಆರು ತಿಂಗಳ ಹಿಂದೆ ಮಗ ಹೊಸ ಆಟೊಮ್ಯಾಟಿಕ್ ಕಾರು ಕೊಡಿಸಿದ್ದಾನೆ. ಅದು ಗೇಟಿನ ಹೊರಗೆ ಹೊದಿಕೆ ಹೊದ್ದು ನಿಂತಿದೆ. ಇವರು ದಿನವೂ ಬೆಳಿಗ್ಗೆ ಕಾಫಿ ಕುಡಿದು, ಹಳೆಯ ಕಾರಿನಲ್ಲಿ ಕುಳಿತು, ಐದು ನಿಮಿಷ ಎಂಜಿನ್ ಓಡಿಸಿ ಇಳಿದುಬರುತ್ತಾರೆ. ಆಯುಧಪೂಜೆಯ ದಿನ ದೊಡ್ಡ ಹಾರವನ್ನು ಹಳೆಯದಕ್ಕೇ ಹಾಕಿದರು, ಬೂದುಗುಂಬಳಕಾಯಿಯನ್ನೂ ಅದರ ಮುಂದೆಯೇ ಒಡೆದರು. ಆರ್‌ಸಿ ಅವಧಿ ಮುಗಿಯುತ್ತಾ ಬಂದಿದೆ. ಮಾರಿಬಿಡಿ ಎಂದರೆ ಎರಡು ದಿನ ಮಾತು ಬಿಡುತ್ತಾರೆ. ನಾನೇನು ಮಾಡಲಿ?
– ಹೆಸರು ಬೇಡ, ಬಸವನಗುಡಿ

ಉತ್ತರ: ಅಮ್ಮ, ಮೊದಲಿಗೆ ನಿಮ್ಮ ಯಜಮಾನರ ಪರವಾಗಿ ಒಂದು ಮಾತು ಹೇಳುತ್ತೇನೆ. ಅವರ ತಲೆಮಾರಿನ ಸಂಬಳದಾರರಿಗೆ ಸ್ವಂತ ಕಾರು ಎಂಬುದು ಕೈಗೆಟುಕುವ ವಸ್ತುವಾದದ್ದೇ ಮಾರುತಿ 800ರಿಂದ. 1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಯನ್ನು ದೆಹಲಿಯ ಗ್ರಾಹಕರೊಬ್ಬರ ಕೈಗಿತ್ತರು. ಅಲ್ಲಿಂದ 2014ರ ಜನವರಿಯಲ್ಲಿ ಉತ್ಪಾದನೆ ನಿಲ್ಲುವವರೆಗೆ, ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನಿನ ಆ ಪುಟ್ಟ ಕಾರು ಸ್ಕೂಟರಿನ ಮೇಲೆ ನಾಲ್ವರು ಕೂತು ಮಳೆಯಲ್ಲಿ ನೆನೆಯುತ್ತಿದ್ದ ಎಷ್ಟೋ ಸಂಸಾರಗಳ ತಲೆಯ ಮೇಲೆ ಸೂರು ಹಾಕಿತು. ನಮ್ಮ ಬೆಂಗಳೂರಿನಲ್ಲಂತೂ ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 4 ನಿಯಮ ಬಂದ 2010ರಲ್ಲೇ ಅದರ ಮಾರಾಟ ನಿಂತುಹೋಯಿತು. ಹಾಗಾಗಿ ಅವರು ಬೆಳಿಗ್ಗೆ ಕಾರಿನಲ್ಲಿ ಕೂರುವ ಆ ಐದು ನಿಮಿಷವನ್ನು ಹಟವೆಂದು ತಿಳಿಯಬೇಡಿ. ಸಾಲದ ಕಂತು ಕಟ್ಟುತ್ತಾ ಒಂದು ಮನೆತನವನ್ನು ದಡ ಸೇರಿಸಿದ ವರ್ಷಗಳು ಅವರಿಗೆ ಆ ಸೀಟಿನಲ್ಲಿ ಸಿಗುತ್ತವೆ.

ಆದರೆ ಆ ಐದು ನಿಮಿಷದಿಂದ ಕಾರಿಗೆ ಒಳ್ಳೆಯದಾಗುತ್ತಿಲ್ಲ ಎಂಬುದನ್ನು ಅವರಿಗೆ ಯಾರಾದರೂ ತಿಳಿಸಿ ಹೇಳಬೇಕು. ನಿಂತಲ್ಲೇ ಐದು ನಿಮಿಷ ಓಡಿದ ಎಂಜಿನ್ ಪೂರ್ತಿ ಕಾಯುವುದಿಲ್ಲ. ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರಿನಂಶ ಸೈಲೆನ್ಸರಿನೊಳಗೇ ಉಳಿದು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಸ್ಟಾರ್ಟ್ ಮಾಡಲು ಬ್ಯಾಟರಿ ಖರ್ಚುಮಾಡಿದಷ್ಟು ಶಕ್ತಿ ಅಷ್ಟರಲ್ಲಿ ಮರಳಿ ತುಂಬುವುದಿಲ್ಲ. ಟೈರುಗಳು ಒಂದೇ ಭಾಗದ ಮೇಲೆ ಭಾರ ಹೊತ್ತು ಅಲ್ಲಿ ಚಪ್ಪಟೆಯಾಗುತ್ತವೆ. ಇದರ ಜೊತೆಗೆ, ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಇರುತ್ತದೆ. ಅದು ತೇವವನ್ನು ಹೀರಿಕೊಳ್ಳುವ ಗುಣದ್ದು. ಹಳೆಯ ಕಾರುಗಳ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳನ್ನು ಅದಕ್ಕೆಂದು ಮಾಡಿದ್ದಲ್ಲವಾದ್ದರಿಂದ, ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಅವು ಬೇಗ ಸೊರಗುತ್ತವೆ. ಪ್ರೀತಿಯಿಂದ ನಿಲ್ಲಿಸಿಕೊಂಡ ಕಾರು ಕಣ್ಣೆದುರೇ ಹಾಳಾಗುವುದಕ್ಕಿಂತ ದೊಡ್ಡ ಸಂಕಟ ಅದರ ಯಜಮಾನನಿಗೆ ಇನ್ನೊಂದಿಲ್ಲ. ನಾನು ಮೇಲೆ ಹೇಳಿದ ಆ ಮೊದಲ ಕಾರೂ ಅದನ್ನು ಕೊಂಡವರು ತೀರಿಹೋದ ಮೇಲೆ ಬಹುಕಾಲ ಅವರ ಮನೆಯ ಹೊರಗೆ ಬಿಸಿಲುಮಳೆಗೆ ತುಕ್ಕು ಹಿಡಿಯುತ್ತಾ ನಿಂತಿತ್ತು. ಕಡೆಗೆ ಕಂಪನಿಯೇ ಅದನ್ನು ದುರಸ್ತಿ ಮಾಡಿಸಿ ತನ್ನ ಕಚೇರಿಯಲ್ಲಿ ಇರಿಸಿಕೊಂಡಿತು. ಎಲ್ಲ ಕಾರುಗಳಿಗೂ ಆ ಭಾಗ್ಯ ಇರುವುದಿಲ್ಲ.

ಇನ್ನು ಹೊಸ ಕಾರಿನ ವಿಷಯ. ನಿಮ್ಮ ಪತ್ರವನ್ನು ಎರಡು ಮೂರು ಬಾರಿ ಓದಿದ ಮೇಲೆ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ಅವರನ್ನು ತಡೆಯುತ್ತಿರುವುದು ಹಳೆಯ ಕಾರಿನ ಮೇಲಿನ ಅಕ್ಕರೆಯೊಂದೇ ಇರಲಾರದು. ಹೊಸದರ ಬಗ್ಗೆ ಅಳುಕೂ ಇದ್ದೀತು. ನಲವತ್ತು ವರ್ಷ ಗಾಡಿ ಓಡಿಸಿದ ಹಿರಿಯರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆಟೊಮ್ಯಾಟಿಕ್ ಕಾರಿನಲ್ಲಿ ಕ್ಲಚ್ ಇರುವುದಿಲ್ಲ. ಆದರೆ ಮೂವತ್ತು ವರ್ಷ ಕ್ಲಚ್ ತುಳಿದ ಎಡಗಾಲು ಸಿಗ್ನಲ್ ಹತ್ತಿರವಾಗುತ್ತಿದ್ದಂತೆ ತಾನಾಗಿಯೇ ಅದನ್ನು ಹುಡುಕಿಕೊಂಡು ಹೋಗುತ್ತದೆ, ಸಿಕ್ಕ ಅಗಲವಾದ ಬ್ರೇಕ್ ಪೆಡಲನ್ನು ಕ್ಲಚ್ ಎಂದೇ ಬಲವಾಗಿ ಒತ್ತಿಬಿಡುತ್ತದೆ. ಕಾರು ಗಕ್ಕನೆ ನಿಲ್ಲುತ್ತದೆ, ಹಿಂದಿನವನು ಹಾರನ್ ಬಾರಿಸುತ್ತಾನೆ, ಪಕ್ಕದಲ್ಲಿ ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಮಗನೆದುರು ಒಮ್ಮೆ ಹೀಗಾದರೂ ಸಾಕು, ಮತ್ತೆ ಆ ಕಾರಿನ ಹೊದಿಕೆ ತೆಗೆಯಲು ಮನಸ್ಸು ಬಾರದು. ಇದಕ್ಕೆ ಮದ್ದು ಸುಲಭವಾಗಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ, ಗಾಂಧಿಬಜಾರಿನ ಹೂವಿನವರು ಬುಟ್ಟಿ ಇಳಿಸುವ ಹೊತ್ತಿಗೆ, ನೀವಿಬ್ಬರೇ ಹೊರಡಿ. ಎಡಗಾಲನ್ನು ಹಿಂದಕ್ಕೆ ಸೆಳೆದು ಎಡಬದಿಯ ಕಾಲೊರಗಿನ ಮೇಲೆ ಊರಿಕೊಂಡು, ಬಲಗಾಲಿನಿಂದಲೇ ಬ್ರೇಕನ್ನೂ ಆಕ್ಸಿಲರೇಟರನ್ನೂ ತುಳಿಯುವುದನ್ನು ಖಾಲಿ ರಸ್ತೆಯಲ್ಲಿ ನಾಲ್ಕು ಭಾನುವಾರ ರೂಢಿಸಿಕೊಂಡರೆ ಕಾಲು ಹೊಸ ಪಾಠ ಕಲಿಯುತ್ತದೆ. ಮಗ ಜೊತೆಯಲ್ಲಿ ಬೇಡ. ನೀವು ಸಲಹೆ ಕೊಡದೆ ಪಕ್ಕದಲ್ಲಿ ಕುಳಿತಿದ್ದರೆ ಸಾಕು. ನಿಮ್ಮ 800ರಲ್ಲಿ ಏರ್‌ಬ್ಯಾಗ್ ಇಲ್ಲ, ಗಕ್ಕನೆ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಇಲ್ಲ. ಈ ವಯಸ್ಸಿನಲ್ಲಿ, ಇವತ್ತಿನ ಹೊರವರ್ತುಲ ರಸ್ತೆಯಲ್ಲಿ, ಅವೆರಡೂ ಇರುವ ಕಾರಿನಲ್ಲಿ ಅವರು ಓಡಾಡಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಕಾನೂನಿನ ಪ್ರಕಾರ ನೀವು ಹಳೆಯ ಕಾರನ್ನು ಬಿಟ್ಟುಕೊಡಲೇಬೇಕೆಂದಿಲ್ಲ. ದೆಹಲಿಯಲ್ಲಿರುವಂತೆ ಪೆಟ್ರೋಲ್ ಕಾರಿಗೆ 15 ವರ್ಷದ ಮಿತಿ ನಮ್ಮಲ್ಲಿಲ್ಲ. ಮೊದಲ 15 ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೆ ನೋಂದಣಿಯನ್ನು ನವೀಕರಿಸಿಕೊಳ್ಳಬಹುದು. ಮೊದಲು 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ರೂಪಾಯಿಗೆ ಏರಿಸಲಾಯಿತು. ಇದರ ಮೇಲೆ ಹಸಿರು ತೆರಿಗೆ, ವಿಮೆ, ಎಮಿಷನ್ ಪ್ರಮಾಣಪತ್ರ, ಎಫ್‌ಸಿಗೆ, ಅಂದರೆ ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರದ ತಪಾಸಣೆಗೆ, ಗಾಡಿಯನ್ನು ಸಜ್ಜುಗೊಳಿಸುವ ಗ್ಯಾರೇಜಿನ ಖರ್ಚು ಸೇರುತ್ತವೆ. ವಾರಕ್ಕೊಮ್ಮೆಯಾದರೂ ಇಪ್ಪತ್ತು ಕಿಲೋಮೀಟರ್ ಓಡಿಸುವುದಾದರೆ ಇಟ್ಟುಕೊಳ್ಳಿ. ಓಡಿಸುವುದಿಲ್ಲವೆಂದಾದರೆ, ಕಾರು ಇನ್ನೂ ಚೆನ್ನಾಗಿರುವಾಗಲೇ ಕೊಟ್ಟುಬಿಡುವುದು ಅದಕ್ಕೆ ಮಾಡುವ ಮರ್ಯಾದೆ.

ಕೊಡುವಾಗ ಒಂದು ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಬಹಳ ವರ್ಷಗಳ ಹಿಂದೆ ನನ್ನ ಸ್ಕೂಟರನ್ನು ಮಧ್ಯವರ್ತಿಯೊಬ್ಬರ ಮೂಲಕ ಮಾರಿದೆ. ಅವರು ಚಾಚಿದ, ಹೆಸರು ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ, ಸೀಟಿನ ಮೇಲೊಮ್ಮೆ ಕೈಯಾಡಿಸಿ, ಕಣ್ಣೊರೆಸಿಕೊಂಡು ಮನೆಗೆ ಬಂದೆ. ಮೂರು ವರ್ಷದ ನಂತರ ಪೊಲೀಸ್ ಠಾಣೆಯಿಂದ ಕರೆ ಬಂತು. ಆ ಸ್ಕೂಟರ್ ಒಬ್ಬ ಹಿರಿಯರಿಗೆ ಡಿಕ್ಕಿ ಹೊಡೆದಿತ್ತು, ಆರ್‌ಸಿ ಇನ್ನೂ ನನ್ನ ಹೆಸರಿನಲ್ಲೇ ಇತ್ತು, ವಿಮೆ ಇರಲಿಲ್ಲ. ಆ ಹಿರಿಯರ ಮುರಿದ ಕಾಲಿನ ನೆನಪು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಗಾಡಿ ಯಾರ ಕೈಯಲ್ಲೇ ಇರಲಿ, ಆರ್‌ಸಿಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕರ್ತವ್ಯ. ಆದ್ದರಿಂದ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಕೊಳ್ಳುವವರ ಹೆಸರು ಬರೆದ ಮೇಲೆಯೇ ಸಹಿ ಮಾಡಿ, ವರ್ಗಾವಣೆಯಾದ ಆರ್‌ಸಿಯ ಪ್ರತಿಯನ್ನು ಕಣ್ಣಾರೆ ನೋಡಿ. ಬಾಕಿ ದಂಡಗಳನ್ನು ಮೊದಲೇ ಕಟ್ಟಿ, ಫಾಸ್ಟ್ಯಾಗ್ ಇದ್ದರೆ ಖಾತೆಯನ್ನು ಮುಚ್ಚಿಸಿ.

ಕೊಳ್ಳುವವರು ಸಿಗದಿದ್ದರೆ ಗುಜರಿಗೆ ಕೊಡಬೇಕಾದೀತು. ಹಳೆಯ ಗಾಡಿ ಬಿಚ್ಚುವ ಶಿವಾಜಿನಗರದ ಗಲ್ಲಿಗೆ ಕೊಟ್ಟು ಸುಮ್ಮನಾಗಬೇಡಿ. ನೋಂದಣಿ ರದ್ದಾಗದೆ ಬಿಚ್ಚಿದ ಕಾರಿನ ಚಾಸಿ ನಂಬರ್ ಕದ್ದ ಕಾರಿನ ಮೇಲೆ ಕಾಣಿಸಿಕೊಳ್ಳುವ ಅಪಾಯವಿದೆ. 2021ರಲ್ಲಿ ಬಂದ ಗುಜರಿ ನೀತಿಯಂತೆ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಸ್ಕ್ರ್ಯಾಪಿಂಗ್ ಕೇಂದ್ರಗಳಿವೆ. ಅಲ್ಲಿ ಗಾಡಿಯನ್ನು ಒಪ್ಪಿಸಿದ್ದಕ್ಕೆ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ, ಅದನ್ನು ತೋರಿಸಿ ಹೊಸ ವಾಹನ ಕೊಂಡರೆ ನೋಂದಣಿ ಶುಲ್ಕ ಇರುವುದಿಲ್ಲ. ನಿಮ್ಮ ಹೊಸ ಕಾರು ಆಗಲೇ ಬಂದಿರುವುದರಿಂದ ಆ ಲಾಭ ನಿಮಗೆ ಸಿಗದು. ಆದರೂ ನೋಂದಣಿ ಕ್ರಮವಾಗಿ ರದ್ದಾಗುವ ನೆಮ್ಮದಿಗಾಗಿ ಅಲ್ಲಿಗೇ ಹೋಗಿ.

ಯಾವ ದಾರಿ ಹಿಡಿದರೂ ನಿರ್ಧಾರವನ್ನು ಅವರೇ ಮಾಡಲಿ, ಕೊಳ್ಳುವವರನ್ನು ಅವರೇ ಆರಿಸಲಿ. ಕಾರು ಕಲಿಯಬೇಕೆಂದಿರುವ ಹುಡುಗಿಯೋ, ಗ್ಯಾರೇಜಿನ ಮೇಸ್ತ್ರಿಯ ಮಗನೋ ಆದರೆ ಅವರಿಗೂ ಸಮಾಧಾನವಾದೀತು. ಕೊಡುವ ಮುನ್ನ ಒಂದು ದಿನ ಆ ಕಾರಿನಲ್ಲಿ ನಿಮ್ಮಿಬ್ಬರ ಹಳೆಯ ದಾರಿಯೊಂದನ್ನು ಸುತ್ತಿಬನ್ನಿ. ಮಗ ಓದಿದ ಶಾಲೆಯ ಗೇಟಿನವರೆಗಾದರೂ ಸರಿ. ಕೀಲಿಯನ್ನು ಒಪ್ಪಿಸುವ ಹೊತ್ತಿನಲ್ಲಿ ಆ ಹಳೆಯ ಕೀಚೈನನ್ನು ಮಾತ್ರ ಬಿಚ್ಚಿ ಇಟ್ಟುಕೊಂಡು, ಅದನ್ನು ಹೊಸ ಕಾರಿನ ಕೀಲಿಗೆ ನೀವೇ ಸಿಕ್ಕಿಸಿಕೊಡಿ.

ಪ್ರಶ್ನೆ: ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅವರ 1987ರ ಯೆಜ್ಡಿ ರೋಡ್‌ಕಿಂಗ್ ಮನೆಯ ಮೆಟ್ಟಿಲ ಕೆಳಗಿದೆ, ಆರ್‌ಸಿ ಪುಸ್ತಕ ಅವರ ಹೆಸರಿನಲ್ಲೇ ಇದೆ. ನಾನು ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಂಡಿದ್ದೇನೆ. ಅಮ್ಮ ಇನ್ನೂ ಅದರ ಮೇಲೆ ಕುಳಿತಿಲ್ಲ. "ಇದು ಬಂದದ್ದೇ ಗೊತ್ತಾಗಲ್ಲಪ್ಪ, ನಿಮ್ಮಪ್ಪ ತಿರುವಿನಲ್ಲಿರೋವಾಗಲೇ ನಾನು ಅನ್ನಕ್ಕೆ ಇಡ್ತಿದ್ದೆ" ಎನ್ನುತ್ತಾರೆ. ಚಿಕ್ಕಪ್ಪ ಯೆಜ್ಡಿಯನ್ನು ಕೇಳುತ್ತಿದ್ದಾರೆ. ಕೊಡಲೇ, ಇಟ್ಟುಕೊಳ್ಳಲೇ?
– ಓದುಗ, ವಿಜಯನಗರ

ಉತ್ತರ: ನಿಮ್ಮ ತಾಯಿಯವರ ಆ ಒಂದು ಮಾತನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. 250 ಸಿಸಿಯ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇದ್ದ ಆ ಬೈಕಿನ ಸದ್ದನ್ನು ಒಮ್ಮೆ ಕೇಳಿದವರು ಬೇರೆ ಯಾವುದರದೆಂದೂ ತಪ್ಪು ತಿಳಿಯಲಾರರು. ಎಡಗಡೆಯ ಒಂದೇ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮರಳಿ ಕೆಳಗಿಳಿಸಿದರೆ ಗೇರು ಆಗುತ್ತಿದ್ದ ಆ ಬೈಕು ನಮ್ಮ ಮೈಸೂರಿನದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಅಂದರೆ ನಿಮ್ಮ ಮೆಟ್ಟಿಲ ಕೆಳಗಿರುವುದು ಮತ್ತೆ ತಯಾರಾಗದ ಬೈಕು. ಅದೇ ಹೆಸರಿನಲ್ಲಿ 2022ರಿಂದ ಮಾರುಕಟ್ಟೆಗೆ ಬಂದಿರುವವು ಬೇರೆಯೇ ಯಂತ್ರಗಳು.

ಚಿಕ್ಕಪ್ಪನವರಿಗೆ ಕೊಡುವುದೋ ಬಿಡುವುದೋ ಎರಡನೆಯ ಮಾತು. ಮೊದಲು ಅದು ಅಪ್ಪನ ಹೆಸರಿನಿಂದ ಬದುಕಿರುವವರ ಹೆಸರಿಗೆ ಬರಬೇಕು. ಇದಕ್ಕೆ ಫಾರಂ 31 ಇದೆ. ಯಜಮಾನರು ತೀರಿಕೊಂಡ ಮೂರು ತಿಂಗಳೊಳಗೆ ಅದನ್ನು ಸಲ್ಲಿಸಬೇಕೆಂಬುದು ನಿಯಮ. ನಿಮಗೆ ತಡವಾಗಿದೆ, ದಂಡ ಕಟ್ಟಬೇಕಾದೀತು, ಆದರೆ ದಾರಿ ಮುಚ್ಚಿಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ತಾಯಿ ಮತ್ತು ಒಡಹುಟ್ಟಿದವರ ಒಪ್ಪಿಗೆಯ ಅಫಿಡವಿಟ್, ಚಾಲ್ತಿ ವಿಮೆ ಇವನ್ನು ಹೊಂದಿಸಿಕೊಳ್ಳಿ. 1987ರದೆಂದರೆ ಕೆಎ ಎಂಬ ಅಕ್ಷರಗಳು ಬರುವುದಕ್ಕೂ ಹಿಂದಿನ ನಂಬರು. ಆ ಕಾಲದ ಪುಸ್ತಕದ ವಿವರಗಳು ಆರ್‌ಟಿಒ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಮೊದಲು ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಹೋಗುವ ಮುನ್ನ ಎಂಜಿನ್ ಮತ್ತು ಚಾಸಿ ನಂಬರುಗಳ ಮೇಲಿನ ಜಿಡ್ಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಪುಸ್ತಕದೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿಕೊಳ್ಳಿ. ಒಂದು ಅಂಕಿ ತಪ್ಪಿದರೂ ಕೆಲಸ ನಿಲ್ಲುತ್ತದೆ. ವಿಂಟೇಜ್ ನೋಂದಣಿಗೆ 50 ವರ್ಷ ತುಂಬಿರಬೇಕಾದ್ದರಿಂದ ಅದಕ್ಕೆ 2037ರವರೆಗೆ ಕಾಯಬೇಕು.

ಹೆಸರು ಬದಲಾದ ಮೇಲೆ, ಚಿಕ್ಕಪ್ಪನವರು ಅದನ್ನು ಓಡಿಸುವವರಾದರೆ ಕೊಡಿ, ಬರಿದೇ ನಿಲ್ಲಿಸಿಕೊಳ್ಳುವವರಾದರೆ ಬೇಡ. ಇಟ್ಟುಕೊಳ್ಳುತ್ತೀರಾದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದರೆ ಬಿಡಿಭಾಗಗಳ ಜಾಡು ಸಿಗುತ್ತದೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನದಂದು ಈ ಊರಿನ ಬೈಕುಪ್ರಿಯರು ಒಟ್ಟುಗೂಡುತ್ತಾರೆ. ಅಪ್ಪನ ಗಾಡಿಯನ್ನು ಜೋಪಾನ ಮಾಡುವ ಕೈಗಳು ಅಲ್ಲಿ ಖಂಡಿತ ಸಿಗುತ್ತವೆ.

ತಾಯಿಯವರನ್ನು ಹೊಸ ಸ್ಕೂಟರಿನ ಮೇಲೆ ಕೂರಿಸಲು ಅವಸರಪಡಬೇಡಿ. ನಿಮ್ಮ ವಿಜಯನಗರದಿಂದ ಮೈಸೂರು ರಸ್ತೆಯ ಗಾಳಿ ಆಂಜನೇಯಸ್ವಾಮಿ ದೇವಸ್ಥಾನ ದೂರವಿಲ್ಲ, ಹೊಸ ವಾಹನಗಳಿಗೆ ಪೂಜೆ ಮಾಡಿಸಲು ಊರೆಲ್ಲ ಅಲ್ಲಿಗೇ ಬರುತ್ತದೆ. ಒಂದು ಶನಿವಾರ ಬೆಳಿಗ್ಗೆ, "ಅಮ್ಮ, ಪೂಜೆಗೆ ನೀನೇ ಬರಬೇಕು" ಎಂದು ಕರೆಯಿರಿ. ಚಕ್ರದ ಕೆಳಗೆ ನಿಂಬೆಹಣ್ಣನ್ನು ಅವರ ಕೈಯಿಂದಲೇ ಇಡಿಸಿ. ಮತ್ತೆ ಸಂಜೆ ಮನೆಗೆ ಬರುವಾಗ ತಿರುವಿನಲ್ಲಿ ಒಂದು ಸಣ್ಣ ಹಾರನ್ ಮಾಡುವ ರೂಢಿ ಇಟ್ಟುಕೊಳ್ಳಿ. ಅನ್ನಕ್ಕೆ ಇಡಲು ಅವರಿಗೆ ಒಂದು ಸದ್ದು ಬೇಕು.

ಪ್ರಶ್ನೆ: ನಾನು ಆಟೋ ಚಾಲಕ. 2010ರಲ್ಲಿ ತೆಗೆದುಕೊಂಡ ಎಲ್‌ಪಿಜಿ ಆಟೋ ಇನ್ನು ಓಡುವ ಸ್ಥಿತಿಯಲ್ಲಿಲ್ಲ, ಹೊಸದಕ್ಕೆ ಸಾಲ ಮಂಜೂರಾಗಿದೆ. ಪರ್ಮಿಟ್ ಹೋಗಿಬಿಡುತ್ತದೆಯೇ ಎಂದು ಭಯ. ಇನ್ನೊಂದು ವಿಷಯ: ಹಳೆಯ ಗಾಡಿಯ ಹಿಂದೆ ನನ್ನ ಮಗಳು ಹುಟ್ಟಿದ ತಾರೀಕು ಬರೆಸಿದ್ದೇನೆ. ಅನ್ನ ಕೊಟ್ಟ ಗಾಡಿಯನ್ನು ಬಿಚ್ಚಲು ಕೊಡುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ.
– ಓದುಗ, ಲಗ್ಗೆರೆ

ಉತ್ತರ: ಪರ್ಮಿಟ್ ಎಲ್ಲಿಗೂ ಹೋಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 83ನೆಯ ಸೆಕ್ಷನ್ ಪ್ರಕಾರ, ಪರ್ಮಿಟ್ ಇರುವವರು ಪ್ರಾಧಿಕಾರದ ಅನುಮತಿ ಪಡೆದು ಹಳೆಯ ವಾಹನದ ಬದಲಿಗೆ ಅದೇ ಬಗೆಯ ಇನ್ನೊಂದನ್ನು ಹಾಕಿಕೊಳ್ಳಬಹುದು. ಆದರೆ ಕ್ರಮ ತಪ್ಪಬಾರದು. ಅನುಮತಿ ಕೈಗೆ ಬರುವ ಮುನ್ನ ಹಳೆಯ ಗಾಡಿಯನ್ನು ಯಾರಿಗೂ ಒಪ್ಪಿಸಬೇಡಿ, ಅಸಲು ಪರ್ಮಿಟನ್ನೂ ಬೇರೆಯವರ ಕೈಗೆ ಕೊಡಬೇಡಿ. ಸಾಲ ಕೊಡಿಸಿದವರಾದರೂ ಸರಿ, ಪ್ರತಿ ಕೊಟ್ಟರೆ ಸಾಕು. ಹೊಸ ಗಾಡಿಗೆ ಮೀಟರ್ ಹಾಕಿಸಿದ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಪರೀಕ್ಷೆ ಮಾಡಿಸಿ ಸೀಲ್ ಹಾಕಿಸಿಕೊಳ್ಳಿ.

ಮನಸ್ಸು ಒಪ್ಪದಿರುವುದು ಸಹಜ. ದಿನಕ್ಕೆ ಹತ್ತು ಹನ್ನೆರಡು ಗಂಟೆ ನೀವು ಕುಳಿತ ಜಾಗ ಅದು, ಮನೆಗಿಂತ ಹೆಚ್ಚು ಹೊತ್ತು ನೀವು ಅದರಲ್ಲೇ ಕಳೆದಿದ್ದೀರಿ. ಬಿಚ್ಚಲು ಕೊಡುವ ಮುನ್ನ ಹಿಂಬದಿಯಲ್ಲಿ ಆ ತಾರೀಕು ಬರೆಸಿದ ಭಾಗವನ್ನು ಮಾತ್ರ ಕತ್ತರಿಸಿಕೊಡಲು ಕೇಳಿ, ಯಾರೂ ಇಲ್ಲವೆನ್ನಲಾರರು. ತಗಡಾದರೆ ಅಂಚನ್ನು ಮಡಚಿಸಿ, ರೆಕ್ಸಿನ್ ಆದರೆ ಹಲಗೆಗೆ ಮೊಳೆ ಹೊಡೆದು ಮನೆಯ ಗೋಡೆಗೆ ಹಾಕಿ. ಹೊಸ ಆಟೋದ ಹಿಂದೆ ಬರೆಯಲು ಪೇಂಟರ್ ಬರುವ ದಿನ, ಶಾಲೆಗೆ ರಜೆ ಇರುವಂತೆ ನೋಡಿಕೊಂಡು ಮಗಳನ್ನೂ ಕರೆದುಕೊಂಡು ಹೋಗಿ. ಈಗ ಅಕ್ಷರ ಬಲ್ಲವಳು ಅವಳು. ಯಾವ ಬಣ್ಣದಲ್ಲಿ, ಎಷ್ಟು ದೊಡ್ಡದಾಗಿ ಬರೆಯಬೇಕೆಂದು ಅವಳೇ ಹೇಳಲಿ.